ಎಲ್ಲರದೂ ಆದ ಮೇಲೆ

ಅವಳಿಗೆ ಚಮಚದಕ್ಕ ಎಂದು ಹೆಸರಿಟ್ಟವಳು ನಾನೇ. ಬೇರೆ ಕಡೆ ಚಮಚ ಎಂದರೆ ದೊಡ್ಡವರ ಹಿಂದೆ ಹಲ್ಲು ಕಿರಿದುಕೊಂಡು ತಿರುಗುವವರು ಎಂದು ಅರ್ಥ. ಇವಳು ಹಲ್ಲು ಕಿರಿದದ್ದನ್ನು ನಾನಂತೂ ಕಂಡಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಬರುತ್ತಾಳೆ, ಬಾಗಿಲ ಹಿಂದಿನ ಮೊಳೆಯಿಂದ ಏಪ್ರನ್ ತೆಗೆದು ಕಟ್ಟಿಕೊಳ್ಳುತ್ತಾಳೆ, ಮೊಣಕೈವರೆಗೂ ಕೈ ತೊಳೆಯುತ್ತಾಳೆ. ಆಮೇಲೆ ನನ್ನ ಅಡುಗೆಮನೆಯ ಡ್ರಾಯರಿನಲ್ಲಿ ಎಲ್ಲಕ್ಕಿಂತ ಚಿಕ್ಕ ಚಮಚ ಹುಡುಕಿ, ತಮ್ಮ ಕೈಯಾರೆ ತಿನ್ನಲಾರದವರ ಹಾಸಿಗೆಗಳ ಕಡೆ ಹೋಗುತ್ತಾಳೆ. ವರ್ಷಗಳಿಂದ ಇದೇ ನಡೆದಿದೆ.

ನಾನು ಇಲ್ಲಿಯ ಅಡುಗೆಯವಳು. ಇದು ಕ್ರೈಸ್ತ ಸಿಸ್ಟರುಗಳು ನಡೆಸುವ ಮನೆ. ಪಾರ್ಶ್ವವಾಯು ಬಡಿದವರು, ಮುಪ್ಪಿನ ಮರೆವು ಹತ್ತಿದವರು, ಇನ್ನು ನಮ್ಮಿಂದ ಆಗುವುದೇನಿಲ್ಲ ಎಂದು ಆಸ್ಪತ್ರೆಯವರು ಕಳಿಸಿದವರು ಇಲ್ಲಿರುತ್ತಾರೆ. ಒಂದು ಕಡೆ ಗಂಡಸರ ಕೋಣೆ, ಇನ್ನೊಂದು ಕಡೆ ಹೆಂಗಸರ ಕೋಣೆ, ನಡುವೆ ಉದ್ದನೆಯ ಕಾರಿಡಾರ್, ಅದರ ತುದಿಗೆ ನನ್ನ ರಾಜ್ಯ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಈ ಮನೆ ನೋಡಿಕೊಳ್ಳುವ ಸಿಸ್ಟರಮ್ಮ ಹೇಳುತ್ತಾರೆ. ಇರಬಹುದು. ಒಬ್ಬರಿಗೆ ಉಪ್ಪಿಲ್ಲದೆ, ಇನ್ನೊಬ್ಬರಿಗೆ ಸಕ್ಕರೆಯಿಲ್ಲದೆ, ಮತ್ತೊಬ್ಬರಿಗೆ ಹಲ್ಲೇ ಇಲ್ಲದೆ ಹೊಂದುವ ಹಾಗೆ ದಿನಾ ಬೇಯಿಸಿ ನೋಡಿ, ಆಮೇಲೆ ನನ್ನ ಮೂಗಿನ ಮಾತು ಆಡೋಣ.

ಚಮಚದಕ್ಕ ಮೊದಲು ಹೊಲಿಗೆಯವಳು. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವ ಒಂದು ಕಾರ್ಖಾನೆಯಲ್ಲಿ ಕಾಲರ್ ಕೂರಿಸುವುದು ಅವಳ ಕೆಲಸ. ಗಂಡ ಬೀಗ ರಿಪೇರಿ ಮಾಡುವವನು. ರಸ್ತೆ ಬದಿಯಲ್ಲಿ ಒಂದು ಪೆಟ್ಟಿಗೆಯಂಥ ಅಂಗಡಿ, ಬಾಗಿಲ ತುಂಬ ಗೊಂಚಲು ಗೊಂಚಲು ಕೀಲಿಕೈ. ಒಬ್ಬಳೇ ಮಗಳು, ಕೆಲಸಕ್ಕೆ ಸೇರುವ ವಯಸ್ಸಿನವಳು. ಒಂದು ದಿನ ಜ್ವರ ಎಂದು ಮಲಗಿದಳು, ಆಸ್ಪತ್ರೆಗೆ ಹೋದಳು, ವಾಪಸು ಬರಲಿಲ್ಲ. ಅಷ್ಟೇ. ಇದಕ್ಕಿಂತ ಹೆಚ್ಚಿಗೆ ಅವಳು ನನಗೂ ಹೇಳಿಲ್ಲ.

ಮಣ್ಣು ಮಾಡಿದ ದಿನ ಅವಳು ಅಳಲಿಲ್ಲವಂತೆ. ಬಂದವರಿಗೆ ಕುರ್ಚಿ ಸಾಲುತ್ತದೆಯೇ, ಕುಡಿಯಲು ನೀರು ಇಟ್ಟಿದ್ದಾರೆಯೇ ಎಂದು ವಿಚಾರಿಸುತ್ತಾ ಓಡಾಡಿದಳಂತೆ. ಜನ ಸುಮ್ಮನಿರುತ್ತಾರೆಯೇ? ಅಳದಿದ್ದರೆ ಕಲ್ಲು ಎನ್ನುತ್ತಾರೆ, ಅತ್ತರೆ ನಾಟಕ ಎನ್ನುತ್ತಾರೆ. ಊರ ಬಾಯಿಗೆ ಮುಚ್ಚಳ ಮಾಡುವ ಕುಂಬಾರ ಇನ್ನೂ ಹುಟ್ಟಿಲ್ಲ. ಅವಳ ಗಂಡ ಅಂಗಡಿಯ ಹಿಂದೆ ಹೋಗಿ ಮುಖ ಮುಚ್ಚಿಕೊಂಡು ಅತ್ತು ಬರುತ್ತಿದ್ದ. ಅವನಿಗೆ ಅಳುವಾದರೂ ಇತ್ತು, ಇವಳಿಗೆ ಅದೂ ಇರಲಿಲ್ಲ.

ಕೆಲಸಕ್ಕೆ ಮರಳಿದ ಮೇಲೆ ಒಂದು ದಿನ ಹೊಲಿಗೆ ಯಂತ್ರದ ಸೂಜಿ ಅವಳ ಬೆರಳಿನ ಉಗುರಿನ ಮೂಲಕ ಇಳಿದು ಹೋಯಿತು. ಇವಳು ಕೈ ಬಿಡಿಸಿಕೊಂಡು ಹಾಗೆಯೇ ಹೊಲಿಯುತ್ತಾ ಹೋದಳು. ಬಿಳಿ ಕಾಲರಿನ ಮೇಲೆ ರಕ್ತ ಕಂಡು ಪಕ್ಕದ ಯಂತ್ರದವಳು ಕಿರುಚಿದಾಗಲೇ ಇವಳು ತನ್ನ ಬೆರಳು ನೋಡಿಕೊಂಡದ್ದು. ನೋವಾಗಲಿಲ್ಲವೇ ಎಂದು ನಾನು ಕೇಳಿದ್ದಕ್ಕೆ, "ಆಗಿರಬೇಕು, ನನಗೆ ಬಂದು ಮುಟ್ಟಲಿಲ್ಲ ಅಷ್ಟೇ" ಎಂದಳು. ಕಾರ್ಖಾನೆಯ ಯಜಮಾನ ಒಳ್ಳೆಯ ಮಾತಿನಲ್ಲೇ, ಸ್ವಲ್ಪ ದಿನ ಮನೆಯಲ್ಲಿರಮ್ಮ ಎಂದ. ಒಳ್ಳೆಯ ಮಾತಿನಲ್ಲಿ ಹೇಳಿದರೂ ಕೆಲಸ ಹೋದದ್ದು ಹೋದದ್ದೇ.

ಮನೆಯಲ್ಲಿ ಗಂಡ ಹೆಂಡತಿ ಎದುರುಬದುರು ಕೂತು ಉಣ್ಣುತ್ತಿದ್ದರು. ಒಂದು ದಿನ ಸಾರಿಗೆ ಉಪ್ಪೇ ಇರುತ್ತಿರಲಿಲ್ಲ, ಇನ್ನೊಂದು ದಿನ ಎರಡು ಸಲ ಬಿದ್ದಿರುತ್ತಿತ್ತು. ಅವನು ತುಟಿ ಪಿಟಕ್ಕೆನ್ನದೆ ಉಂಡು ಏಳುತ್ತಿದ್ದ. ಅವಳಿಗೆ ಎರಡರ ರುಚಿಯೂ ಒಂದೇ ಆಗಿತ್ತು.

ಭಾನುವಾರ ಚರ್ಚಿನ ಪೂಜೆಗೆ ಹೋಗುವುದನ್ನು ಅವಳು ಬಿಡಲಿಲ್ಲ. ಅಭ್ಯಾಸ ಕಾಲನ್ನು ಎಳೆದುಕೊಂಡು ಹೋಗುತ್ತಿತ್ತು. ಆದರೆ ಕ್ರಿಸ್ತನ ದೇಹವೆಂದು ನಾವು ನಂಬುವ ತೆಳು ರೊಟ್ಟಿಯನ್ನು, ಪರಮಪ್ರಸಾದವನ್ನು, ಗುರುಗಳು ಬಾಯಿಗಿಡುವ ಹೊತ್ತಿಗೆ ಎಲ್ಲರೂ ಎದ್ದು ಸಾಲು ನಿಂತರೆ ಇವಳು ಬೆಂಚಿನಲ್ಲೇ ಮೊಣಕಾಲು ಪಕ್ಕಕ್ಕೆ ತಿರುಗಿಸಿ ಬೇರೆಯವರಿಗೆ ದಾರಿ ಬಿಟ್ಟು ಕೂರುತ್ತಿದ್ದಳು. ಚಿಕ್ಕಂದಿನಿಂದ ಒಂದು ವಾರವೂ ತಪ್ಪಿಸದವಳು. ಕೊನೆಗೆ ಗುರುಗಳೇ ಒಂದು ದಿನ ಅವಳನ್ನು ಕರೆದು ಮಾತಾಡಿಸಿದರು.

"ದೇವರ ಮೇಲೆ ಸಿಟ್ಟಾ?" ಎಂದು ಕೇಳಿದರು.

"ಸಿಟ್ಟಿದ್ರೆ ಚೆನ್ನಾಗಿತ್ತು ಫಾದರ್. ಅದೂ ಇಲ್ಲ. ಪ್ರಾರ್ಥನೆ ಹೇಳ್ತೀನಿ, ಗೋಡೆಗೆ ಹೇಳಿದ ಹಾಗಿರುತ್ತೆ. ಒಳಗೆ ಏನೂ ಇಲ್ದೆ ಬಂದು ನಿಮ್ಮೆದುರಿಗೆ ಬಾಯಿ ತೆರೆದ್ರೆ ಅದು ನಾಟಕ ಆಗುತ್ತೆ. ದೇವರ ಹತ್ರ ನಾಟಕ ಮಾಡೋಕೆ ನನಗಿಷ್ಟ ಇಲ್ಲ."

ಗುರುಗಳು ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವರು. ದೊಡ್ಡ ಉಪದೇಶವೊಂದು ಬರುತ್ತದೆ ಎಂದು ಇವಳು ಕಾದಳು. ಅವರು, "ನನಗೂ ಎಷ್ಟೋ ದಿನ ಏನೂ ಅನಿಸಲ್ಲ. ನನ್ನ ಕೆಲಸ ಅದು, ಹಾಗಾಗಿ ನಿಂತಿರ್ತೀನಿ" ಎಂದರು. ಆಮೇಲೆ, "ಸಿಸ್ಟರುಗಳ ಮನೆಯಲ್ಲಿ ಊಟದ ಹೊತ್ತಿಗೆ ಕೈ ಸಾಲ್ತಿಲ್ಲ. ನೀವು ಹೋಗಿ ಉಣ್ಣಿಸಬಹುದಾ?" ಎಂದು ಕೇಳಿದರು.

"ನನ್ನಂಥವಳು ಯಾಕೆ ಫಾದರ್? ಕರುಣೆ ಇರೋರು ಬೇಕು ಅದಕ್ಕೆ."

"ಹಸಿದವರಿಗೆ ನಿಮ್ಮ ಒಳಗೇನಿದೆ ಅನ್ನೋದು ಬೇಡ. ಚಮಚದೊಳಗೇನಿದೆ ಅನ್ನೋದು ಬೇಕು."

ಹೀಗೆ ಬಂದವಳು ಅವಳು. ನನಗೆ ಮೊದಲ ದಿನವೇ ಅವಳನ್ನು ಕಂಡರೆ ಆಗಲಿಲ್ಲ. ಧರ್ಮಕ್ಕೆ ಸೇವೆ ಮಾಡಲು ಬರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಒಂದು ವಾರ ಕಣ್ಣೀರು, ಎರಡನೇ ವಾರ ಸೊಂಟ ನೋವು, ಮೂರನೇ ವಾರ ನಾಪತ್ತೆ. ಇವಳ ಮುಖ ನೋಡಿದರೆ ಅಷ್ಟು ದಿನವೂ ಬಾಳುವ ಹಾಗೆ ಕಾಣಲಿಲ್ಲ.

ಸಿಸ್ಟರಮ್ಮ ಅವಳಿಗೆ ಕೆಲಸ ಕಲಿಸಿದರು. ಉಣ್ಣಿಸುವುದು ಎಂದರೆ ಬಾಯಿಗೆ ತುರುಕುವುದಲ್ಲ. ರೋಗಿಯನ್ನು ನೆಟ್ಟಗೆ ಕೂರಿಸಬೇಕು. ತಾನು ನಿಂತುಕೊಳ್ಳಬಾರದು, ಅವರ ಕಣ್ಣಿನ ಮಟ್ಟಕ್ಕೆ ಕೂರಬೇಕು. ಅರ್ಧ ಚಮಚ, ಬಾಯಿಯ ಗಟ್ಟಿ ಇರುವ ಪಕ್ಕಕ್ಕೆ. ಗಂಟಲಿನ ಗಂಟು ಮೇಲೇರಿ ಕೆಳಗಿಳಿದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಇನ್ನೊಂದು ಚಮಚ. ಸೋತ ಕೆನ್ನೆಯೊಳಗೆ ತುತ್ತು ಅಡಗಿ ಕೂತಿದೆಯೇ ಎಂದು ನಡುನಡುವೆ ನೋಡಬೇಕು. ತೆಳು ನೀರು ಇವರಿಗೆ ಶತ್ರು, ಶ್ವಾಸಕ್ಕೆ ಜಾರಿಬಿಡುತ್ತದೆ. ಅದಕ್ಕೇ ನಾನು ನೀರಿಗೂ ಪುಡಿ ಬೆರೆಸಿ ಗಟ್ಟಿ ಮಾಡಿ ಕೊಡುವುದು. ಅಡುಗೆಯವಳ ಕೈಯಲ್ಲಿ ನೀರನ್ನೂ ಅಡುಗೆ ಮಾಡಿಸಿದ ಮನೆ ಇದು.

ಬೇರೆಯವರು ಉಣ್ಣಿಸುವಾಗ ಮುದ್ದು ಮಾಡುತ್ತಾರೆ. ಒಂದೇ ಒಂದು ಚಿನ್ನ, ಎಲ್ಲಿ ಆ ಅನ್ನಿ, ನಮ್ಮ ಜಾಣ ಅಜ್ಜ ಅಲ್ವಾ ಎಂದೆಲ್ಲ. ಮಕ್ಕಳು ಮೊಮ್ಮಕ್ಕಳನ್ನು ಕಂಡ ಹಿರಿಯರಿಗೆ ಈ ರಾಗ ಕೇಳಿದರೆ ಮೈ ಉರಿಯುತ್ತದೆ. ಚಮಚದಕ್ಕ ಏನೂ ಅನ್ನುತ್ತಿರಲಿಲ್ಲ. ಕೂರುತ್ತಿದ್ದಳು, ಚಮಚ ಎತ್ತುತ್ತಿದ್ದಳು, ಕಾಯುತ್ತಿದ್ದಳು. ಅವಳಿಗೆ ಅವಸರವೂ ಇರಲಿಲ್ಲ, ಕನಿಕರವೂ ಇರಲಿಲ್ಲ, ಹೋಗಬೇಕಾದ ಜಾಗವೂ ಇರಲಿಲ್ಲ. ಕಂಬಕ್ಕೆ ಏಪ್ರನ್ ಕಟ್ಟಿದ ಹಾಗೆ ಕೂತಿರುತ್ತಿದ್ದಳು. ಯಾರ ಕೈಯಲ್ಲೂ ತಿನ್ನದವರು ಅವಳ ಕೈಯಲ್ಲಿ ತಿನ್ನತೊಡಗಿದರು. ನನಗೋ, ಬಟ್ಟಲು ಯಾವಾಗ ವಾಪಸು ಬರುತ್ತದೆ, ನಾನು ಯಾವಾಗ ತೊಳೆದು ಮುಗಿಸಲಿ ಎನ್ನುವ ಚಿಂತೆ.

"ನಿನ್ನ ದೆಸೆಯಿಂದ ನನ್ನ ಮಧ್ಯಾಹ್ನದ ನಿದ್ದೆ ಹಾಳಾಯ್ತು ಕಣೇ" ಎಂದು ಬೈದೆ.

"ನಾನೇ ತೊಳೀತೀನಿ ಬಿಡಿ ಅಡುಗೆಯಕ್ಕ" ಎಂದಳು. ಅಂದಿನಿಂದ ಬಟ್ಟಲುಗಳನ್ನೂ ಅವಳೇ ತೊಳೆಯುತ್ತಾಳೆ. ನಾನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಲೋಕದ ಮೇಲೆಲ್ಲ ಹರಿಹಾಯುತ್ತೇನೆ. ಅವಳ ಕಥೆ ನನಗೆ ಗೊತ್ತಾದದ್ದು ಹಾಗೆ, ಹನಿ ಹನಿಯಾಗಿ, ನಲ್ಲಿಯ ಪಕ್ಕದಲ್ಲಿ.

ಹೀಗಿರುವಾಗ ಒಂದು ಸೋಮವಾರ ಬೇರೆ ಊರಿನಿಂದ ಒಬ್ಬ ಅಜ್ಜನನ್ನೂ ಅವರ ಹೆಂಡತಿಯನ್ನೂ ಕರೆತಂದರು. ಅಜ್ಜನಿಗೆ ಪಾರ್ಶ್ವವಾಯು. ಬಲಗೈ ಬಲಗಾಲು ಸತ್ತಿದ್ದವು, ಮಾತು ನಿಂತಿತ್ತು. ಅಜ್ಜಿಗೆ ಕಣ್ಣು ಕಾಣಿಸುತ್ತಿರಲಿಲ್ಲ. ಮಕ್ಕಳಿಲ್ಲ. ಚರ್ಚಿನ ಆವರಣದಲ್ಲಿ ಒಂದು ಕೋಣೆಯಲ್ಲಿದ್ದರಂತೆ, ಚರ್ಚಿನ ಕೆಲಸ ಮಾಡಿಕೊಂಡಿದ್ದರಂತೆ ಎಂಬುದಷ್ಟೇ ನಮಗೆ ಬಂದ ಸುದ್ದಿ. ಅಜ್ಜನನ್ನು ಗಂಡಸರ ಕೋಣೆಗೆ, ಅಜ್ಜಿಯನ್ನು ಹೆಂಗಸರ ಕೋಣೆಗೆ ಹಾಕಿದರು. ಅಜ್ಜಿ ಬಂದ ದಿನವೇ ದಾರಿ ಕಲಿತುಬಿಟ್ಟರು. ಗೋಡೆ ಸವರಿಕೊಂಡು, ಅಡುಗೆಮನೆಯ ವಾಸನೆ ಬಂದರೆ ದಾರಿ ತಪ್ಪಿತೆಂದು ತಿರುಗಿಕೊಂಡು, ಗಂಡನ ಹಾಸಿಗೆಯ ಬದಿಗೆ ಬಂದು ಕೂರುತ್ತಿದ್ದರು.

ಅಜ್ಜ ಬಾಯಿ ತೆರೆಯಲಿಲ್ಲ. ಸೂಪು ಬೇಡ, ಹಾಲಿನಲ್ಲಿ ನೆನೆಸಿದ ಬ್ರೆಡ್ ಬೇಡ, ಹಿಸುಕಿದ ಆಲೂಗಡ್ಡೆ ಬೇಡ. ಹಿಂದಿನ ಆಸ್ಪತ್ರೆಯಲ್ಲಿ ಮೂಗಿಗೆ ಹಾಕಿದ ನಳಿಗೆಯನ್ನು ಪದೇ ಪದೇ ಕಿತ್ತು ಹಾಕಿದ್ದರಂತೆ. ಈಗ ಕೈಗೆ ಹನಿಹನಿಯಾಗಿ ಇಳಿಸುತ್ತಿದ್ದ ಗ್ಲೂಕೋಸ್ ಒಂದೇ ಆಧಾರ. ನಮ್ಮಲ್ಲಿಗೆ ಬರುವ ಡಾಕ್ಟರು ಗಂಟಲು ಮುಟ್ಟಿ ನೋಡಿ, "ಗಂಟಲು ನುಂಗುತ್ತೆ. ಮನುಷ್ಯ ನುಂಗ್ತಿಲ್ಲ" ಎಂದರು.

ಆಮೇಲೆ ಸಿಸ್ಟರಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದರು. ಮುಂದಿನ ಸೋಮವಾರ ತಾನು ಬರುವುದರೊಳಗೆ ಬಾಯಿಂದ ತಿನ್ನದಿದ್ದರೆ ಹೊಟ್ಟೆಗೇ ನಳಿಗೆ ಕೂರಿಸಬೇಕು. ಅಂಥವರನ್ನು ನೋಡಿಕೊಳ್ಳುವ ಏರ್ಪಾಡು ನಮ್ಮಲ್ಲಿಲ್ಲ. ದೂರದ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಅಲ್ಲಿ ಹೆಂಡತಿಯನ್ನು ಇಟ್ಟುಕೊಳ್ಳುವುದಿಲ್ಲ. ಅಲ್ಲಿಗೆ ಹಾಗೆ ಹೋದವರು ತಿರುಗಿ ಬಂದದ್ದನ್ನು ನಾನು ನೋಡಿಲ್ಲ. ಕಣ್ಣಿಲ್ಲದ ಅಜ್ಜಿ ಇಲ್ಲಿ ಗೋಡೆ ಸವರಿಕೊಂಡು ಖಾಲಿ ಹಾಸಿಗೆಗೆ ಬರುವುದನ್ನು ನೆನೆಸಿಕೊಂಡು ನನಗೆ ಅವತ್ತು ಸಾರು ಸೀದು ಹೋಯಿತು.

ಚಮಚದಕ್ಕನಿಗೆ ಆ ಹಾಸಿಗೆ ಒಪ್ಪಿಸಿದರು. ಅವಳು ಕೂತಳು. ಅಜ್ಜ ಎಡಗೈಯಿಂದ ಅವಳ ಚಮಚವನ್ನು ಮೆಲ್ಲಗೆ ದೂರ ಸರಿಸಿದರು. ಸಿಟ್ಟಿನಿಂದಲ್ಲ, ಮರ್ಯಾದಸ್ಥ ನೆಂಟ ಈಗ ಬೇಡ ಎನ್ನುವ ಹಾಗೆ. ಆಮೇಲೆ ಬಾಗಿಲ ಕಡೆ ನೋಡಿದರು. ಅವಳು ಬಟ್ಟಲು ತಣ್ಣಗಾಗುವವರೆಗೆ ಕೂತಳು, ಬಿಸಿ ಮಾಡಿಸಿಕೊಂಡು ಹೋಗಿ ಮತ್ತೆ ಕೂತಳು. ಮಾರನೆಯ ದಿನವೂ ಅದೇ, ಅದರ ಮಾರನೆಯ ದಿನವೂ ಅದೇ.

ನಾನು ಅಜ್ಜನಿಗೆ ಬಾಯಿಬೀಗದಜ್ಜ ಎಂದು ಹೆಸರಿಟ್ಟೆ. ಎಷ್ಟು ಹೇಳಿದರೂ ಏನೂ ತಿನ್ನದವರು, ನನ್ನ ಅಡುಗೆಗೆ ಅದಕ್ಕಿಂತ ದೊಡ್ಡ ಅವಮಾನ ಉಂಟೇ.

"ನಿನ್ನ ಗಂಡನ ಅಂಗಡಿಯಿಂದ ಒಂದು ಕೀಲಿಗೊಂಚಲು ತಂದುಬಿಡೇ" ಎಂದೆ ಚಮಚದಕ್ಕನಿಗೆ. "ಯಾವುದಾದ್ರೂ ಒಂದು ಹತ್ತೀತು."

ಅವಳು ನಗಲಿಲ್ಲ. "ಅವರಿಗೆ ತಿನ್ನೋಕೆ ಇಷ್ಟ ಇಲ್ಲ ಅಂತಲ್ಲ ಅಡುಗೆಯಕ್ಕ. ಏನೋ ಕಾಯ್ತಿದಾರೆ" ಎಂದಳು. "ನಾನು ದಿನಾ ಕಾಯೋಳು. ಕಾಯೋರನ್ನ ಕಂಡ್ರೆ ಗೊತ್ತಾಗುತ್ತೆ."

ಗುರುವಾರವೋ ಶುಕ್ರವಾರವೋ ನಾನು ತಳ್ಳುಗಾಡಿಯ ಜೊತೆ ಬಾಗಿಲಲ್ಲಿ ನಿಂತಿದ್ದೆ. ಅಜ್ಜಿ ಎಂದಿನಂತೆ ಹಾಸಿಗೆಯ ಬಲಬದಿಗೆ ಕೂತು, ಗಂಡನ ಸತ್ತ ಕೈಯನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡು ಬೆರಳು ಬೆರಳನ್ನೂ ಸವರುತ್ತಿದ್ದರು. ಚಮಚದಕ್ಕ ಅದನ್ನು ದಿನಾ ನೋಡುತ್ತಿದ್ದಳು. ಅವತ್ತು ಹೇಳಿದಳು.

"ಅಜ್ಜಿ, ಈ ಕಡೆ ಬಂದು ಕೂತ್ಕೊಳ್ಳಿ. ನೀವು ಹಿಡ್ಕೊಂಡಿರೋ ಕೈಗೆ ಏನೂ ಗೊತ್ತಾಗಲ್ಲ. ಮರಗಟ್ಟಿದೆ ಅದು."

"ಗೊತ್ತಮ್ಮ" ಎಂದರು ಅಜ್ಜಿ. "ಸಿಸ್ಟರೂ ಹೇಳಿದ್ರು."

"ಮತ್ಯಾಕೆ ಅದನ್ನೇ ಹಿಡ್ಕೋತೀರಿ?"

"ಆ ಇನ್ನೊಂದು ಕೈಗೆ ಕೆಲಸ ಇದೆ, ಮಂಚದ ಕಂಬಿ ಹಿಡ್ಕೋಬೇಕು, ನಿನ್ನ ಚಮಚ ತಳ್ಳಬೇಕು. ಇದು ಪಾಪ ಒಂದೇ ಬಿದ್ದಿರುತ್ತೆ." ಅಜ್ಜಿ ಸವರುವುದನ್ನು ನಿಲ್ಲಿಸಲಿಲ್ಲ. "ಇವರಿಗೆ ಗೊತ್ತಾಗದಿದ್ರೆ ಏನಾಯ್ತು? ಹಿಡ್ಕೊಂಡಿರೋದು ನಾನು. ನನಗೆ ಗೊತ್ತಾಗುತ್ತಲ್ಲ."

ಚಮಚದಕ್ಕ ಚಮಚವನ್ನು ಬಟ್ಟಲಿನಲ್ಲಿ ಇಟ್ಟುಬಿಟ್ಟಳು. ಅವಳ ಮುಖ ಬದಲಾಗಲಿಲ್ಲ, ಅದು ಬದಲಾಗುವ ಮುಖವೇ ಅಲ್ಲ. ಆದರೆ ಬಹಳ ಹೊತ್ತು ಆ ಮೂರು ಕೈಗಳನ್ನು ನೋಡುತ್ತಾ ಕೂತಳು. ನಾನು ಗಾಡಿ ತಳ್ಳಿಕೊಂಡು ಹೋಗಬೇಕಿತ್ತು, ಹೋಗಲಿಲ್ಲ.

ಆಮೇಲೆ ಅವಳು ಉಣ್ಣಿಸುವವಳು ಕೇಳುವಂಥ ಮಾತೇ ಕೇಳಿದಳು. "ಅಜ್ಜಿ, ಇವರು ಬೀಳೋಕೆ ಮುಂಚೆ ಕೊನೇ ಸಲ ಏನು ತಿಂದಿದ್ರು?"

"ಶನಿವಾರ ರಾತ್ರಿ ಊಟ. ಭಾನುವಾರ ಬೆಳಗ್ಗೆ ಇವರು ಏನೂ ಮುಟ್ಟಲ್ಲ, ನೀರೂ ಇಲ್ಲ. ಹಳೇ ಕಾಲದೋರು ನಾವು. ಪ್ರಸಾದ ತಗೊಂಡ ಮೇಲೇನೇ ಬಾಯಿಗೆ ಬೇರೇದು."

"ಭಾನುವಾರ ಮಧ್ಯಾಹ್ನ?"

"ಎಲ್ಲಿ ಮಧ್ಯಾಹ್ನ? ಬಿದ್ದಿದ್ದೇ ಪೂಜೇಲಿ."

ಅಜ್ಜಿ ಹೇಳಿದ್ದು ಇಷ್ಟು. ಅಜ್ಜ ಆ ಚರ್ಚಿನಲ್ಲಿ ಬಾಗಿಲು ತೆಗೆಯುವವರು, ಗಂಟೆ ಹೊಡೆಯುವವರು, ಮೇಣದಬತ್ತಿ ಹಚ್ಚುವವರು. ಪ್ರಸಾದ ಹಂಚುವಾಗ ಗುರುಗಳ ಪಕ್ಕದಲ್ಲಿ ನಡೆಯುತ್ತಾ, ಚೂರೂ ನೆಲಕ್ಕೆ ಬೀಳದ ಹಾಗೆ ಒಬ್ಬೊಬ್ಬರ ಗದ್ದದ ಕೆಳಗೂ ಹಿತ್ತಾಳೆಯ ತಟ್ಟೆ ಹಿಡಿಯುವವರು. ಅವತ್ತೂ ಹಿಡಿದಿದ್ದರು. ಸಾಲು ಮುಗಿದಿತ್ತು. ಎಲ್ಲರೂ ಬೆಂಚಿಗೆ ಮರಳಿದ್ದರು. ಅವರದೊಬ್ಬರದೇ ಬಾಕಿ ಇತ್ತು.

"ನಂಗೆ ಕಣ್ಣಿಲ್ವಲ್ಲ, ತಟ್ಟೆ ನೆಲಕ್ಕೆ ಬಿದ್ದ ಸದ್ದು ಕೇಳ್ತು" ಎಂದರು ಅಜ್ಜಿ. "ಇವರ ಕೈಯಿಂದ ಅದು ಯಾವತ್ತೂ ಬಿದ್ದಿರಲಿಲ್ಲ. ಆಗಲೇ ಗೊತ್ತಾಯ್ತು ನಂಗೆ."

ಚಮಚದಕ್ಕ ಎದ್ದು ಸೀದಾ ಸಿಸ್ಟರಮ್ಮನ ಹತ್ತಿರ ಹೋದಳು. ಅವಳು ಕಾರಿಡಾರಿನಲ್ಲಿ ಅಷ್ಟು ಬೇಗ ನಡೆದದ್ದನ್ನು ನಾನು ಮೊದಲು ನೋಡಿದ್ದೇ ಅವತ್ತು. ಅಜ್ಜನಿಗೆ ಇನ್ನೂ ಆ ಭಾನುವಾರವೇ ನಡೆಯುತ್ತಿದೆ, ಇನ್ನೂ ಪ್ರಸಾದ ಸಿಕ್ಕಿಲ್ಲ, ಅದಕ್ಕೇ ಬೇರೇನೂ ಬಾಯಿಗೆ ಹಾಕುತ್ತಿಲ್ಲ ಎಂದಳು. ಸಿಸ್ಟರಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಹಣೆ ಹಿಡಿದುಕೊಂಡರು. ಒಣಗಿದ್ದು, ಗರಿಗರಿಯಾದದ್ದು ಯಾವುದನ್ನೂ ಅವರ ಬಾಯಿಗೆ ಹಾಕಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಎಂದು ಆಸ್ಪತ್ರೆಯವರು ಬರೆದು ಕಳಿಸಿದ್ದರು. ಹಾಗಾಗಿ ವಾರದ ನಡುವೆ ಎಲ್ಲರಿಗೂ ಪ್ರಸಾದ ತಂದ ಗುರುಗಳು ಈ ಹಾಸಿಗೆಗೆ ಬರೀ ಆಶೀರ್ವಾದ ಮಾಡಿ ಮುಂದೆ ಹೋಗಿದ್ದರು. ಕ್ರೈಸ್ತರ ಮನೆಯಲ್ಲಿ ಕ್ರೈಸ್ತನೊಬ್ಬ ಕ್ರಿಸ್ತನಿಗಾಗಿ ಬಾಯಿ ಕಟ್ಟಿ ಕೂತಿದ್ದ. ನಾವೆಲ್ಲ ಅವನಿಗೆ ಆಲೂಗಡ್ಡೆ ಹಿಸುಕುತ್ತಿದ್ದೆವು.

ಭಾನುವಾರ ಮಧ್ಯಾಹ್ನ ಗುರುಗಳು ಬಂದರು, ಉಳಿದ ಹಾಸಿಗೆಗಳಿಗೆಲ್ಲ ಪ್ರಸಾದ ಕೊಟ್ಟು ಕೊನೆಗೆ ಅಜ್ಜನ ಹತ್ತಿರ ನಿಂತರು. ಮರುದಿನವೇ ಡಾಕ್ಟರು ಬರುವ ಸೋಮವಾರ. ನಾನು ಒಂದು ಲೋಟ ನೀರನ್ನು ಗಟ್ಟಿ ಮಾಡಿ ತಂದಿದ್ದೆ. ಪ್ರಸಾದದ ಸಾಸಿವೆಕಾಳಿನಷ್ಟು ಚೂರನ್ನು ಅದರೊಂದಿಗೆ ಚಮಚದಲ್ಲಿ ಕೊಡುವುದು ಎಂದು ಸಿಸ್ಟರಮ್ಮ ಫೋನಿನಲ್ಲಿ ಡಾಕ್ಟರನ್ನು ಕೇಳಿ ಒಪ್ಪಿಸಿಕೊಂಡಿದ್ದರು. ಹಾಸಿಗೆಯ ಸುತ್ತ ನಾವು ನಾಲ್ಕು ಹೆಂಗಸರು: ಅಜ್ಜಿ, ಸಿಸ್ಟರಮ್ಮ, ನಾನು, ಕುಂಬಳಕಾಯಿ ಹಿಸುಕಿದ ಬಟ್ಟಲು ಹಿಡಿದು ಚಮಚದಕ್ಕ. ಗುರುಗಳು ಪ್ರಾರ್ಥನೆ ಹೇಳಿದರು. ಅಜ್ಜ ಎಡಗೈಯಿಂದ ಕಂಬಿ ಹಿಡಿದುಕೊಂಡು ತಾವಾಗಿಯೇ ನೆಟ್ಟಗಾದರು. ಅವರ ಕಣ್ಣು ಬಾಗಿಲು ಬಿಟ್ಟು ಗುರುಗಳ ಕೈಗೆ ಬಂದಿತ್ತು.

ಗುರುಗಳು ಮೊದಲು ಅಜ್ಜಿಗೆ ಕೊಟ್ಟರು, ಆಮೇಲೆ ಸಿಸ್ಟರಮ್ಮನಿಗೆ, ಆಮೇಲೆ ನನಗೆ. ಚಮಚದಕ್ಕ ಒಂದು ಹೆಜ್ಜೆ ಹಿಂದೆ ಸರಿದು ಕಿಟಕಿಯ ಹತ್ತಿರ ನಿಂತಳು. ಗುರುಗಳು ಅವಳನ್ನು ಒತ್ತಾಯಿಸದೆ ಅಜ್ಜನ ಕಡೆ ತಿರುಗಿ ಚಮಚ ಎತ್ತಿದರು.

ಅಜ್ಜ ಬಾಯಿ ತೆರೆಯಲಿಲ್ಲ.

ಗುರುಗಳು ಮತ್ತೊಮ್ಮೆ ಹೇಳಿದರು. ತುಟಿ ಬಿಗಿದೇ ಇತ್ತು. ಇದೂ ಅಲ್ಲವಾದರೆ ಇನ್ನು ಯಾವುದೂ ಅಲ್ಲ, ನಾಳೆ ದೊಡ್ಡಾಸ್ಪತ್ರೆಯ ಗಾಡಿ ಬರುತ್ತದೆ ಎಂದುಕೊಂಡೆ.

"ತಗೊಂಡ್ರಾ?" ಎಂದು ಕೇಳಿದರು ಅಜ್ಜಿ.

"ಇಲ್ಲ ಅಜ್ಜಿ" ಎಂದರು ಸಿಸ್ಟರಮ್ಮ.

ಅಜ್ಜಿ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತರು. "ಹಾಗಾದ್ರೆ ಯಾರದೋ ಬಾಕಿ ಇದೆ" ಎಂದರು. "ಎಲ್ಲರದೂ ಆದ ಮೇಲೇನೇ ಇವರು. ಒಬ್ಬರು ಬಾಕಿ ಇದ್ರೂ ತಗೊಳ್ಳಲ್ಲ. ಮಳೆ ಬರಲಿ, ಜನ ತಡವಾಗಿ ಓಡಿ ಬರಲಿ, ಬಾಗಿಲ ಕಡೆ ನೋಡಿಕೊಂಡು ನಿಂತಿರೋರು."

ಆಗ ನಾನು ಅಜ್ಜನ ಕಣ್ಣು ನೋಡಿದೆ. ಅದು ಗುರುಗಳ ಮೇಲಿರಲಿಲ್ಲ. ಅವರ ಹೆಗಲ ಮೇಲಿಂದ ಹಾದು ಕಿಟಕಿಯ ಹತ್ತಿರ ಇತ್ತು. ಬದುಕಿಡೀ ಯಾರು ಬಂದರು, ಯಾರು ಬೆಂಚಿನಲ್ಲೇ ಉಳಿದರು ಎಂದು ನೋಡಿದ ಕಣ್ಣು ಅದು. ಅದಕ್ಕೆ ಪಾರ್ಶ್ವವಾಯು ಬಡಿದಿರಲಿಲ್ಲ.

ನನ್ನ ನಾಲಿಗೆಯ ತುದಿಗೆ ಬಂದಿತ್ತು: ತಗೊಳ್ಳೇ ಮಾರಾಯ್ತಿ, ನಿನ್ನ ಸತ್ಯವಂತಿಕೆ ಒಂದು ದಿನ ಪಕ್ಕಕ್ಕಿಡು, ಒಂದು ಮುದುಕಿಯ ಬಾಳು ಇದರ ಮೇಲೆ ನಿಂತಿದೆ. ಆ ದಿನ ಒಂದು ಸಲ ನನ್ನ ನಾಲಿಗೆ ನನ್ನ ಮಾತು ಕೇಳಿತು. ಗುರುಗಳು ಚಮಚ ಇಳಿಸಿ ನೆಲ ನೋಡುತ್ತಾ ನಿಂತರು. ಅವಳ ಕಡೆ ತಿರುಗಲಿಲ್ಲ. ಅವರ ದೊಡ್ಡತನ ನನಗೆ ಕಂಡದ್ದು ಅಲ್ಲಿ.

"ಫಾದರ್" ಎಂದಳು ಚಮಚದಕ್ಕ. "ನನಗೆ ಈಗಲೂ ಏನೂ ಅನ್ನಿಸ್ತಿಲ್ಲ."

"ಗೊತ್ತು."

"ಅವರು ತಿನ್ನಲಿ ಅಂತ ಮಾತ್ರ ತಗೊಂಡ ಹಾಗಾಗುತ್ತೆ."

"ಇನ್ಯಾತಕ್ಕೆ ತಗೋಬೇಕು ಅನ್ಕೊಂಡಿದ್ರಿ?" ಎಂದರು ಗುರುಗಳು.

ಅವಳು ಬಟ್ಟಲನ್ನು ನನ್ನ ಕೈಗಿಟ್ಟಳು. ಏಪ್ರನ್ನಿಗೆ ಕೈ ಒರೆಸಿಕೊಂಡು ಮುಂದೆ ಬಂದು ಹಾಸಿಗೆಯ ಪಕ್ಕದಲ್ಲಿ, ತಾನು ದಿನಾ ಕೂರುವ ಸ್ಟೂಲಿನ ಮೇಲೆ ಕೂತಳು. ಬಾಯಿ ತೆರೆದಳು.

ಅಜ್ಜ ಕಂಬಿ ಬಿಟ್ಟರು. ಅವರ ಎಡಗೈ ಮೇಲೆದ್ದಿತು. ಚಮಚ ತಳ್ಳಲು ಏಳುವ ಹಾಗಲ್ಲ, ಅಂಗೈ ಮೇಲಾಗಿ, ಬೆರಳು ಕೂಡಿಸಿ. ಒಂದು ಸಲ ಗುರಿ ತಪ್ಪಿ ಅವಳ ಹೆಗಲಿಗೆ ತಾಗಿತು. ಆಮೇಲೆ ಅವಳ ಗದ್ದದ ಕೆಳಗೆ ಬಂದು ನಿಂತಿತು. ಗುರುಗಳು ಹೇಳಬೇಕಾದ ಮಾತು ಹೇಳಿ ಪ್ರಸಾದ ಇಟ್ಟರು. ಅವಳು ಆಮೆನ್ ಎಂದಳು. ಕೈ ಅಲ್ಲೇ ಇತ್ತು. ಅಜ್ಜ ಅವಳ ಗಂಟಲನ್ನೇ ನೋಡುತ್ತಿದ್ದರು. ಅವಳು ಎಲ್ಲರ ಗಂಟಲನ್ನು ನೋಡುವ ಹಾಗೆಯೇ, ಅದು ಮೇಲೇರಿ ಕೆಳಗಿಳಿಯುವವರೆಗೆ ಕಾದರು. ಇಳಿದ ಮೇಲೆ ಕೈ ಹಿಂದಕ್ಕೆ ತೆಗೆದುಕೊಂಡರು. ಗುರುಗಳ ಕಡೆ ತಿರುಗಿದರು. ಬಾಯಿ ತೆರೆದರು.

ಸಾಸಿವೆಕಾಳಿನಷ್ಟು ಚೂರು, ನಾನು ಗಟ್ಟಿ ಮಾಡಿದ ನೀರು. ಹೋಯಿತು ಒಳಗೆ. ಕೆಮ್ಮಲಿಲ್ಲ.

"ತಗೊಂಡ್ರು ಅಜ್ಜಿ" ಎಂದರು ಸಿಸ್ಟರಮ್ಮ. ಅಜ್ಜಿ ಸತ್ತ ಕೈಯನ್ನು ಎತ್ತಿ ತಮ್ಮ ಕೆನ್ನೆಗೆ ಇಟ್ಟುಕೊಂಡರು. ನಾನು ಅತ್ತೆ. ಬಟ್ಟಲು ಕೈಯಲ್ಲಿದ್ದದ್ದರಿಂದ ಕಣ್ಣು ಒರೆಸಿಕೊಳ್ಳಲೂ ಆಗದೆ ಗೊಳೋ ಎಂದು ಅತ್ತೆ. ಚಮಚದಕ್ಕ ಅಳಲಿಲ್ಲ. ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು, ಅರ್ಧ ಚಮಚ ಕುಂಬಳಕಾಯಿ ಎತ್ತಿ, ಬಾಯಿಯ ಗಟ್ಟಿ ಪಕ್ಕಕ್ಕೆ ಕೊಟ್ಟಳು. ಅಜ್ಜ ತಿಂದರು. ಅವಳು ಕಾದಳು, ಇನ್ನೊಂದು ಕೊಟ್ಟಳು, ಕೆನ್ನೆಯೊಳಗೆ ಏನಾದರೂ ಉಳಿದಿದೆಯೇ ಎಂದು ಬಗ್ಗಿ ನೋಡಿದಳು. ಬಟ್ಟಲಿನ ಮುಕ್ಕಾಲು ಭಾಗ ಮುಗಿಯಿತು. ನನ್ನ ಅಡುಗೆಯ ಮಾನವೂ ಉಳಿಯಿತು.

ಸೋಮವಾರ ಡಾಕ್ಟರು ಬಂದಾಗ ಅಜ್ಜ ಸೂಪು ಕುಡಿಯುತ್ತಿದ್ದರು. ದೊಡ್ಡಾಸ್ಪತ್ರೆಗೆ ಕಳಿಸಲು ತಂದಿದ್ದ ಕಾಗದಗಳನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಡಾಕ್ಟರು ಮುಂದಿನ ಹಾಸಿಗೆಗೆ ಹೋದರು. ಅಜ್ಜ ಆಮೇಲೆ ಬಹಳ ಕಾಲ ನಮ್ಮಲ್ಲೇ ಇದ್ದರು, ಅಜ್ಜಿಯ ಕೈಯಲ್ಲಿ ಕೈ ಇಟ್ಟುಕೊಂಡೇ ಹೋದರು.

ಆ ಭಾನುವಾರ ಗುರುಗಳು ಹೋದ ಮೇಲೆ ಚಮಚದಕ್ಕ ಎಂದಿನ ಹಾಗೆ ನಲ್ಲಿಯ ಹತ್ತಿರ ಬಟ್ಟಲು ತೊಳೆಯುತ್ತಿದ್ದಳು. ನಾನು ಸ್ಟೂಲಿನ ಮೇಲೆ ಕೂತಿದ್ದೆ. ನನಗೆ ತಡೆಯಲಾಗಲಿಲ್ಲ. ಇಷ್ಟೆಲ್ಲ ಆದ ಮೇಲೆ ದೇವರು ಅವಳ ಒಳಗೊಂದು ದೀಪವಾದರೂ ಹಚ್ಚಿರಬೇಕು ಎಂಬ ಆಸೆ ನನಗೆ.

"ನಿಜ ಹೇಳೇ" ಎಂದೆ. "ತಗೊಂಡಾಗ ಏನಾದ್ರೂ ಅನ್ನಿಸ್ತಾ?"

ಅವಳು ಸುಳ್ಳು ಹೇಳುವವಳಲ್ಲ. ಬಟ್ಟಲು ಕವುಚಿ ಹಾಕಿ, ನಲ್ಲಿ ನಿಲ್ಲಿಸಿ, ನೆನಪು ಮಾಡಿಕೊಂಡಳು.

"ಇಲ್ಲ ಅಡುಗೆಯಕ್ಕ. ದೇವರು ಬಂದ ಹಾಗೆ ಏನೂ ಅನ್ನಿಸ್ಲಿಲ್ಲ."

ಅವಳು ಇನ್ನೊಂದು ಬಟ್ಟಲು ಕೈಗೆತ್ತಿಕೊಂಡಳು, ಆದರೆ ನಲ್ಲಿ ತಿರುಗಿಸಲಿಲ್ಲ.

"ಗದ್ದದ ಕೆಳಗೆ ಅವರ ಕೈ ಇತ್ತಲ್ಲ" ಎಂದಳು. "ಬೆಚ್ಚಗಿತ್ತು. ಅದು ಗೊತ್ತಾಯ್ತು."